ಖಾಲಿ ಕೋಣೆಯ ಸದ್ದು

ಫ್ರಿಜ್ ತಯಾರಿಸುವ ಆ ಕಾರ್ಖಾನೆಯ ಅತ್ಯಂತ ದುಬಾರಿ ಕೋಣೆಯಲ್ಲಿ ಏನೂ ಇರಲಿಲ್ಲ. ಸದ್ದು ಕೂಡ ಇರಲಿಲ್ಲ, ದುಬಾರಿಯಾಗಿದ್ದು ಅದಕ್ಕೇ. ನಾಲ್ಕು ಗೋಡೆಗೆ, ಚಾವಣಿಗೆ, ಬಾಗಿಲ ಒಳಮೈಗೆ ಮೊಳದುದ್ದದ ಸ್ಪಂಜಿನ ಮುಳ್ಳುಗಳನ್ನು ಅಂಟಿಸಿದ್ದರು. ನೆಲ ಮಾತ್ರ ಗಟ್ಟಿ ಸಿಮೆಂಟು, ಏಕೆಂದರೆ ಫ್ರಿಜ್ಜು ಯಾರ ಮನೆಯಲ್ಲಾದರೂ ನಿಲ್ಲುವುದು ನೆಲದ ಮೇಲೇ. ಒಳಗೆ ನಿಂತು ಚಪ್ಪಾಳೆ ತಟ್ಟಿದರೆ ಕೈಬಿಟ್ಟು ಹೋದ ಸದ್ದು ತಿರುಗಿ ಬರುತ್ತಿರಲಿಲ್ಲ, ಎರವಲು ಕೊಟ್ಟ ಕೊಡೆಯ ಹಾಗೆ. ಅದಕ್ಕೆ ಮೌನಕೋಣೆ ಎಂದು ಹೆಸರು. ಅದರ ನಡುವೆ ಒಂದು ಮರದ ಕುರ್ಚಿ. ಕುರ್ಚಿಯ ಮೇಲೆ ಪರೀಕ್ಷಕ.

ಮೈಕು ಇರುವಾಗ ಮನುಷ್ಯ ಯಾಕೆ ಎಂದು ಹೊಸದಾಗಿ ಸೇರಿದವರೆಲ್ಲ ಕೇಳುತ್ತಿದ್ದರು. ಮೈಕು ಸದ್ದನ್ನು ಅಳೆಯುತ್ತದೆ, ಆದರೆ ಅದಕ್ಕೆ ಕಿರಿಕಿರಿಯಾಗುವುದಿಲ್ಲ. ಕಿರಿಕಿರಿಯಾಗಲು ಮನುಷ್ಯನೇ ಬೇಕು. ಸಡಿಲಗೊಂಡ ತಿರುಪು, ಕೊಳವೆಯೊಳಗಿನ ಗುಳುಗುಳು, ಮೋಟರಿನ ಸಣ್ಣ ಕೊರೆತ, ಇವನ್ನು ಬೇರೆ ಬೇರೆಯಾಗಿ ಹೆಕ್ಕುವ ಕಿವಿ ಪರೀಕ್ಷಕನದು. ಹೊಸ ಮಾದರಿ ಯಾವುದೇ ಬರಲಿ, ಮೈಕಿನ ಅಂಕಿಯ ಪಕ್ಕದಲ್ಲಿ ಅವನ ಸಹಿ ಬೀಳದೆ ಅದು ಮಾರುಕಟ್ಟೆಗೆ ಹೋಗುವಂತಿರಲಿಲ್ಲ. ಅದಕ್ಕೆ ಎಲ್ಲರೂ ‘ಕಿವಿ ಸಹಿ’ ಎನ್ನುತ್ತಿದ್ದರು. ಕೇಂದ್ರ ಕಚೇರಿಯಲ್ಲಿ ಅವನ ಮುಖ ಗೊತ್ತಿಲ್ಲದವರಿಗೂ ಕಿವಿ ಗೊತ್ತಿತ್ತು.

ಪರೀಕ್ಷೆಯ ಕ್ರಮ ಸರಳ. ಮೊದಲು ಫ್ರಿಜ್ಜನ್ನು ಆರಿಸಿಟ್ಟು, ಪರೀಕ್ಷಕನನ್ನು ಕುರ್ಚಿಯಲ್ಲಿ ಕೂರಿಸಿ, ಕೋಣೆಯ ಸದ್ದನ್ನು ಅಳೆಯಬೇಕು. ಇದು ಖಾಲಿ ಕೋಣೆಯ ಸದ್ದು. ಆಮೇಲೆ ಫ್ರಿಜ್ಜು ಹಾಕಿ ಇನ್ನೊಮ್ಮೆ ಅಳೆಯಬೇಕು. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಉಳಿದದ್ದು ಫ್ರಿಜ್ಜಿನ ಸ್ವಂತ ಸದ್ದು. ಖಾಲಿ ಕೋಣೆಯ ಸದ್ದು ಫ್ರಿಜ್ಜಿನ ಸದ್ದಿಗೆ ತೀರ ಹತ್ತಿರ ಬಂದರೆ ಪರೀಕ್ಷೆಯನ್ನೇ ರದ್ದು ಮಾಡಬೇಕು ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಕಂಪನಿಯ ಕೈಪಿಡಿಯಲ್ಲಿ ಆ ಮಾತು ಇರಲಿಲ್ಲ. ಇಷ್ಟು ವರ್ಷ ಅದರ ಅಗತ್ಯವೂ ಬಿದ್ದಿರಲಿಲ್ಲ, ಏಕೆಂದರೆ ಪರೀಕ್ಷಕ ಸದ್ದು ಮಾಡುತ್ತಿರಲಿಲ್ಲ.

ಈಗ ಮಾಡುತ್ತಿದ್ದ.

ಬಾಲ್ಯದಲ್ಲಿ ಬಂದ ಒಂದು ಜ್ವರ ಅವನ ಹೃದಯದ ಕವಾಟವೊಂದನ್ನು ಕಚ್ಚಿ ಹೋಗಿತ್ತು. ಅದು ನಿಧಾನವಾಗಿ ಗಡುಸಾಗಿ ಐವತ್ತು ದಾಟಿದ ಮೇಲೆ ಬಾಗಿಲು ಹಾಕಿಕೊಂಡಿತು. ವೈದ್ಯರು ಎದೆ ತೆರೆದು, ಅದರ ಜಾಗದಲ್ಲಿ ಇಂಗಾಲದ ಎರಡು ರೆಕ್ಕೆಗಳಿರುವ ಕೃತಕ ಕವಾಟವನ್ನು ಹೊಲಿದರು. ಪ್ರತಿ ಬಡಿತಕ್ಕೂ ರೆಕ್ಕೆಗಳು ಮುಚ್ಚಿಕೊಳ್ಳುವಾಗ ಒಂದು ‘ಟಿಕ್’. ಎದುರಿಗೆ ಕೂತವರಿಗೂ ಕೇಳುವಂಥದ್ದು. ಬಾಯಿ ಮುಚ್ಚಿದ್ದರೆ ಕಡಿಮೆ. ಬಾಯಿ ತೆರೆದರೆ, ಗಡಿಗೆಯೊಳಗೆ ಕಲ್ಲು ಬಿದ್ದ ಹಾಗೆ, ಜೋರು.

ಆಸ್ಪತ್ರೆಯಿಂದ ಬಿಡುವ ದಿನ ಅವನ ಹೆಂಡತಿ ಔಷಧದ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಿದ್ದಾಗ ವೈದ್ಯೆ ಅವನೊಬ್ಬನಿಗೇ ಪಾಠ ಮಾಡಿದರು.

“ರಕ್ತ ತೆಳು ಮಾಡೋ ಮಾತ್ರೆ ಇದು. ಜೀವ ಇರೋವರೆಗೂ ತಗೋಬೇಕು. ಇಲ್ಲಾಂದ್ರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟತ್ತೆ. ಕರೆದಾಗ ಬಂದು ರಕ್ತಪರೀಕ್ಷೆ ಮಾಡಿಸ್ಕೊಳ್ಳಿ, ಅದನ್ನ ನೋಡಿ ಮಾತ್ರೆ ಹೆಚ್ಚುಕಡಿಮೆ ಮಾಡ್ತೀವಿ. ಸೊಪ್ಪು ಜಾಸ್ತಿ ತಿಂದ್ರೆ ಮಾತ್ರೆ ಕೆಲಸ ಮಾಡಲ್ಲ. ತಿನ್ಬೇಡಿ ಅನ್ನಲ್ಲ, ದಿನಾ ಒಂದೇ ಅಳತೆ ಇರಲಿ.”

“ಈ ಸದ್ದು?”

“ಸದ್ದಿಗೆ ಬೇಜಾರು ಮಾಡ್ಕೋಬೇಡಿ. ಸದ್ದು ಮೆತ್ತಗಾದ್ರೆ ಬೇಜಾರು ಮಾಡ್ಕೊಳ್ಳಿ. ಮಾಡ್ಕೊಂಡು ಮನೇಲಿ ಕೂರ್ಬೇಡಿ, ನೇರ ಇಲ್ಲಿಗೆ ಬನ್ನಿ.”

“ಎಷ್ಟು ಡೆಸಿಬಲ್ ಕಡಿಮೆಯಾದ್ರೆ?”

“ಅಳೀಬೇಡಿ ಸಾರ್. ಕೇಳಿಸ್ಕೊಳ್ಳಿ, ಸಾಕು.”

ಮನೆಯಲ್ಲಿ ಗಂಡಹೆಂಡತಿ ಇಬ್ಬರದೂ ಸದ್ದಿಲ್ಲದ ಸಂಬಳ. ಹೆಂಡತಿ ಗ್ರಂಥಾಲಯದಲ್ಲಿ ಓದುವ ಕೊಠಡಿಯ ಮೇಲ್ವಿಚಾರಕಿ. ಯಾರಾದರೂ ಪುಟ ತಿರುಗಿಸುವುದರಲ್ಲಿ ಉತ್ಸಾಹ ತೋರಿಸಿದರೂ ಅವಳ ತಲೆ ಮೇಲೇಳುತ್ತಿತ್ತು. ಮೊದಲ ವಾರ ಅವಳಿಗೆ ಗಂಡ ಉಳಿದುಬಂದ ಸಂಭ್ರಮವೇ ದೊಡ್ಡದಾಗಿತ್ತು. ಎರಡನೆಯ ವಾರ ಅವನು ಸಕ್ಕರೆ ಡಬ್ಬಿಗೆ ಕೈಹಾಕಿದಾಗ ಪಡಸಾಲೆಯಿಂದಲೇ ಕೂಗಿದಳು.

“ಮುಚ್ಚಳ ಹಾಕ್ರೀ!”

“ನಿನಗೆ ಹೇಗೆ ಗೊತ್ತಾಯ್ತು?”

“ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅಂತ ಇಲಿಗಳು ಯೋಚಿಸ್ತಾ ಇದ್ವಂತೆ. ನನಗೆ ಡಾಕ್ಟರೇ ಕಟ್ಟಿ ಕಳಿಸಿದಾರೆ.”

ನಗು ಬಹಳ ದಿನ ಬಾಳಲಿಲ್ಲ. ಮಲಗಿದಾಗ ಮಂಚದ ಸ್ಪ್ರಿಂಗು ಟಿಕ್ಕನ್ನು ಎತ್ತಿಕೊಂಡು ಅವಳ ದಿಂಬಿಗೆ ತಲುಪಿಸುತ್ತಿತ್ತು. ಅವನು ಎದೆಯ ಮೇಲೆ ದಿಂಬಿಟ್ಟುಕೊಂಡ, ಕಂಬಳಿ ಮಡಿಸಿಟ್ಟುಕೊಂಡ, ಕೊನೆಗೆ ಹಾಸಿಗೆಯನ್ನೇ ಎತ್ತಿಕೊಂಡು ಪಡಸಾಲೆಗೆ ಹೋದ. ಒಂದು ಸಂಜೆ ಅವಳನ್ನು ಕರೆದುಕೊಂಡು ಬರಲು ಗ್ರಂಥಾಲಯಕ್ಕೆ ಹೋದಾಗ ಪತ್ರಿಕೆ ಓದುತ್ತಿದ್ದ ಹಿರಿಯರೊಬ್ಬರು ಎದ್ದು ಬಂದು, “ಅಮ್ಮಾ, ಯಾರೋ ಅಲಾರಂ ಗಡಿಯಾರ ತಂದಿದಾರೆ” ಎಂದು ದೂರಿದರು. ಅವಳು ಗಂಡನ ಬಳಿ ಬಂದು ಕಿವಿಯಲ್ಲಿ ಹೇಳಿದಳು. “ರೀ, ತಪ್ಪು ತಿಳೀಬೇಡಿ. ಹೊರಗೆ ನಿಂತ್ಕೊಳ್ತೀರಾ?” ಅವನು ತಪ್ಪು ತಿಳಿಯಲಿಲ್ಲ. ನಿಯಮ ನಿಯಮವೇ. ಹೊರಗೆ ಸೈಕಲ್ಲುಗಳ ನಡುವೆ, ಬಾಯಿ ಬಿಗಿಹಿಡಿದು ನಿಂತ.

ಮಹಡಿಯ ಮೇಲೆ ಅವನ ಅಕ್ಕ ಇದ್ದಳು. ತಾಯಿ ಬೇಗ ತೀರಿಕೊಂಡದ್ದರಿಂದ ಅವನನ್ನು ಸಾಕಿದವಳು ಅವಳೇ. ಆ ಹಕ್ಕಿನಿಂದ ಅವನ ಹೊಟ್ಟೆಗೆ ಏನು ಹೋಗಬೇಕೆಂದು ಇಂದಿಗೂ ನಿರ್ಧರಿಸುತ್ತಿದ್ದಳು. ಸದ್ದನ್ನು ಕೇಳಿದ ದಿನವೇ ರೋಗ ಪತ್ತೆ ಮಾಡಿದಳು.

“ಎಣ್ಣೆ ಕಾಣದ ಬಾಗಿಲು ಕಿರ್ ಅನ್ನಲ್ವೇನೋ? ನಿನ್ನ ರಕ್ತದಲ್ಲಿ ಪಸೆ ಇಲ್ಲ. ಒಣಗಿದೆ.”

“ಅಕ್ಕಾ, ಅದು ಇಂಗಾಲದ ರೆಕ್ಕೆ. ಮುಚ್ಚುವಾಗ ಸದ್ದು ಬರೋದು ಸಹಜ.”

“ನನಗೆ ಇಂಗಾಲ ಗಿಂಗಾಲ ಹೇಳ್ಬೇಡ. ಕುಡಿ.”

ಹಸಿ ಸೊಪ್ಪನ್ನು ಅರೆದು ಹಿಂಡಿದ ಕಡುಹಸಿರು ರಸ. ಒಂದು ದೊಡ್ಡ ಲೋಟ. ಬೆಳಗ್ಗೆ ಅವನು ಷೂ ಹಾಕಿಕೊಳ್ಳುವ ಹೊತ್ತಿಗೆ ಸರಿಯಾಗಿ ಅಕ್ಕ ಮೆಟ್ಟಿಲಿಳಿದು ಬರುತ್ತಿದ್ದಳು. ಒಂದು ಕಾಲಿಗೆ ಷೂ ಇರುವ ಮನುಷ್ಯ ಓಡಲಾರ ಎಂಬುದು ಅವಳಿಗೆ ಗೊತ್ತಿತ್ತು. ಸೊಪ್ಪಿಗೂ ಮಾತ್ರೆಗೂ ಇರುವ ವೈರ ಅವನಿಗೆ ಮರೆತಿರಲಿಲ್ಲ. ಆದರೆ ಅವನು ವಿಜ್ಞಾನ ಓದಿದವನು, ಅದಕ್ಕೊಂದು ದಾರಿ ಕಂಡುಕೊಂಡ. ದಿನಾ ಒಂದೇ ಅಳತೆ ಇರಲಿ ಎಂದಿದ್ದರಲ್ಲವೇ ವೈದ್ಯೆ? ಅಕ್ಕನ ಲೋಟ ಬದಲಾಗುವುದಿಲ್ಲ, ಅಕ್ಕನಂತೂ ಬದಲಾಗುವುದೇ ಇಲ್ಲ. ಇದಕ್ಕಿಂತ ಸ್ಥಿರವಾದ ಅಳತೆ ಎಲ್ಲಿ ಸಿಕ್ಕೀತು? ಮುಂದಿನ ರಕ್ತಪರೀಕ್ಷೆಯಲ್ಲಿ ಮಾತ್ರೆಯನ್ನು ಈ ರಸಕ್ಕೆ ಹೊಂದಿಸಿಕೊಂಡರಾಯಿತು. ತರ್ಕದಲ್ಲಿ ಎಲ್ಲೂ ತಪ್ಪಿರಲಿಲ್ಲ. ಮುಂದಿನ ರಕ್ತಪರೀಕ್ಷೆ ನಡೆಯಬೇಕಿತ್ತು, ಅಷ್ಟೆ.

ಕೆಲಸಕ್ಕೆ ಮರಳಿದ ದಿನ ಮೌನಕೋಣೆಯಲ್ಲಿ ಕುಳಿತ. ಗಾಜಿನಾಚೆ ಮ್ಯಾನೇಜರರು ಖಾಲಿ ಕೋಣೆಯ ಸದ್ದು ಅಳೆದರು, ಉಪಕರಣವನ್ನು ತಟ್ಟಿದರು, ಮತ್ತೆ ಅಳೆದರು. ವಯಸ್ಸಿನಲ್ಲಿ ಅವನಿಗಿಂತ ಬಹಳ ಚಿಕ್ಕವರು. ನಗುವ ಮುಖ, ಸದಾ ಇಸ್ತ್ರಿಯ ಅಂಗಿ. ಗಾಜಿನಾಚೆಯಿಂದ ಮಾತಾಡಬೇಕಾದರೆ ಒಂದು ಗುಂಡಿ ಒತ್ತಬೇಕಿತ್ತು. ಒತ್ತಿದರು.

“ಸಾರ್, ಒಳಗೆ ಏನಾದ್ರೂ ತಗೊಂಡು ಹೋಗಿದೀರಾ?”

“ಹೌದು” ಎಂದ ಪರೀಕ್ಷಕ. “ತೆಗೆದು ಹೊರಗಿಡೋಕೆ ಆಗಲ್ಲ.”

ಆ ಮಧ್ಯಾಹ್ನವೇ ಮ್ಯಾನೇಜರರು ಅವನನ್ನು ಕರೆಸಿ ಕಾಫಿ ತರಿಸಿದರು. ಕಾಫಿ ತರಿಸಿದರೆಂದರೆ ಸುದ್ದಿ ಒಳ್ಳೆಯದಲ್ಲ ಎಂದು ಕಾರ್ಖಾನೆಗೆಲ್ಲ ಗೊತ್ತಿತ್ತು.

“ಪ್ಯಾಕಿಂಗ್ ವಿಭಾಗದಲ್ಲಿ ಒಂದು ಜಾಗ ಇದೆ ಸಾರ್. ಆರಾಮಾಗಿರ್ಬಹುದು. ಅಲ್ಲಿ ದಿನವಿಡೀ ಮೊಳೆ ಹೊಡೀತಿರ್ತಾರೆ, ನಿಮ್ಮ ಹೃದಯ ಯಾರಿಗೂ ಕೇಳಿಸಲ್ಲ.”

ಪರೀಕ್ಷಕನಿಗೆ ಎದೆ ಸೀಳಿದಾಗ ಆಗದ ನೋವು ಈಗ ಆಯಿತು. ಓದು ಮುಗಿಸಿ ಬಂದವನು ಆ ಕುರ್ಚಿಯಲ್ಲಿ ಕುಳಿತೇ ತಲೆ ನೆರೆಸಿಕೊಂಡಿದ್ದ. ಹೊರಗಿನ ಲೋಕದಲ್ಲಿ ಅವನೊಬ್ಬ ಸಾಧಾರಣ ಮನುಷ್ಯ. ಬಸ್ಸಿನಲ್ಲಿ ಸೀಟು ಸಿಗದವನು, ಮನೆಯಲ್ಲಿ ಪಡಸಾಲೆಗೆ ದಬ್ಬಿಸಿಕೊಂಡವನು. ಆ ಸ್ಪಂಜಿನ ಕೋಣೆಯೊಳಗೆ ಮಾತ್ರ ಅವನು ಕೇಳಿದ್ದೇ ವೇದವಾಕ್ಯ. “ಒಂದು ತಿಂಗಳು ಕೊಡಿ” ಎಂದು ಬೇಡಿಕೊಂಡ. “ಬಾಯಿ ಮುಚ್ಚಿದ್ರೆ ಸದ್ದು ಕಡಿಮೆ ಬರತ್ತೆ. ನಾನು ಬಾಯೇ ತೆಗೆಯಲ್ಲ.”

ಮುಂದಿನ ವಾರ ಹೊಸ ಮಾದರಿ ಬಂತು. ಅದರ ಜಾಹೀರಾತು ಆಗಲೇ ಸಿದ್ಧವಾಗಿತ್ತು: ‘ನಿಮ್ಮ ಉಸಿರಿಗಿಂತ ಮೆಲ್ಲಗೆ’. ಒಳಗಿನ ಮೋಟರು ಮಾತ್ರ ಅಗ್ಗದ್ದು. ಜೇನುಹುಳ ಸಿಕ್ಕಿಹಾಕಿಕೊಂಡಂತೆ ಗುಂಯ್ ಎನ್ನುತ್ತಿತ್ತು. ಮೂರು ಸಲ ಪರೀಕ್ಷೆ ಮಾಡಿದರು, ಮೂರು ಸಲವೂ ಮಿತಿಗಿಂತ ಕೂದಲೆಳೆಯಷ್ಟು ಹೆಚ್ಚು. ನಾಲ್ಕನೆಯ ಸಲ ಖಾಲಿ ಕೋಣೆ ಅಳೆಯುವಾಗ ಪರೀಕ್ಷಕನಿಗೆ ದೊಡ್ಡದೊಂದು ಆಕಳಿಕೆ ಬಂತು. ತೆರೆದ ಬಾಯಿಂದ ಟಿಕ್, ಟಿಕ್, ಟಿಕ್ ಹೊರಬಿದ್ದು ಖಾಲಿ ಕೋಣೆಯ ಅಂಕಿ ಏರಿತು. ಆಮೇಲೆ ಫ್ರಿಜ್ಜು ಹಾಕಿದಾಗ ಅವನು ನಾಚಿ ಬಾಯಿ ಬಿಗಿದುಕೊಂಡಿದ್ದ. ದೊಡ್ಡ ಸಂಖ್ಯೆಯನ್ನು ಕಳೆದದ್ದರಿಂದ ಉಳಿದದ್ದು ಚಿಕ್ಕದಾಯಿತು. ಫ್ರಿಜ್ಜು ಪಾಸಾಯಿತು.

ಮ್ಯಾನೇಜರರು ಬಹಳ ಹೊತ್ತು ಆ ಅಂಕಿಗಳನ್ನೇ ನೋಡುತ್ತಿದ್ದು, ಒಳಗೆ ಬಂದರು. ಮೌನಕೋಣೆಯಲ್ಲಿ ಎಲ್ಲರೂ ಪಿಸುಗುಟ್ಟುವುದು ವಾಡಿಕೆ.

“ಸಾರ್, ಒಂದು ಸಣ್ಣ ಸಲಹೆ. ಖಾಲಿ ಕೋಣೆ ಅಳೀವಾಗ ಸ್ವಲ್ಪ ಬಾಯಿ ತೆಗೀರಿ. ಫ್ರಿಜ್ ಹಾಕಿದ ತಕ್ಷಣ ಮುಚ್ಕೊಳ್ಳಿ.”

“ಅದು ಮೋಸ ಅಲ್ವಾ?”

“ಮೋಸ ಹೇಗಾಗತ್ತೆ? ಅಂಕಿ ತಿದ್ದಿದ್ವಾ? ಮೈಕು ಮುಚ್ಚಿದ್ವಾ? ನಿಮ್ಮ ಬಾಯಿ, ನಿಮ್ಮ ಹೃದಯ. ಯಾವಾಗ ತೆಗೀಬೇಕು, ಮುಚ್ಬೇಕು ಅನ್ನೋದು ನಿಮ್ಮ ಸ್ವಾತಂತ್ರ್ಯ. ಹ್ಞಾಂ, ಆ ಪ್ಯಾಕಿಂಗ್ ವಿಚಾರ ಮರೆತುಬಿಡಿ. ನಿಮ್ಮಂಥೋರು ಇಲ್ಲೇ ಇರ್ಬೇಕು.”

ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆ ಲೋಕಕ್ಕೆಲ್ಲ. ಆ ಕಾರ್ಖಾನೆಯಲ್ಲಿ ಮಾತ್ರ ಬಾಯಿ ಬಿಟ್ಟವನಿಗೆ ಬಣ್ಣ ಬಂತು. ಕೇಂದ್ರ ಕಚೇರಿಯಿಂದ ಮೆಚ್ಚುಗೆ ಬಂತು. ಕುರ್ಚಿಗೆ ಮೆತ್ತೆ ಬಂತು. ಮೊದಲು ಸೋತಿದ್ದ ಹಳೆಯ ಮಾದರಿಗಳೂ ಸಾಲಾಗಿ ಬಂದು ಪಾಸಾಗಿ ಹೋದವು. ಪರೀಕ್ಷಕನಿಗೆ ಮನಸ್ಸಿನಲ್ಲಿ ಚುಚ್ಚುತ್ತಿತ್ತು. ಆದರೆ ಒಂದು ಕೂದಲೆಳೆಯ ಸದ್ದಿನಿಂದ ಯಾರ ಮನೆ ಮುಳುಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ಆ ಚುಚ್ಚುವಿಕೆಯನ್ನೂ ಒಟ್ಟು ಮೊತ್ತದಿಂದ ಕಳೆದ.

ಕಳೆಯುವುದರಲ್ಲಿ ಅವನು ನಿಪುಣ. ಫ್ರಿಜ್ಜಿನ ದೋಷಗಳನ್ನು ಕೇಳಬೇಕಾದರೆ ತನ್ನ ಟಿಕ್ಕನ್ನು ಕೇಳಬಾರದು. ಆದ್ದರಿಂದ ಅದನ್ನು ಬಿಟ್ಟು ಉಳಿದೆಲ್ಲವನ್ನೂ ಕೇಳುವಂತೆ ಕಿವಿಯನ್ನು ಪಳಗಿಸಿದ. ಗೋಡೆಗಡಿಯಾರ ಇರುವ ಮನೆಯವರಿಗೆ ಅದರ ಸದ್ದು ಕೇಳಿಸುವುದಿಲ್ಲವಲ್ಲ, ಹಾಗೆ; ಆದರೆ ಇವನದು ಅಭ್ಯಾಸಬಲವಲ್ಲ, ಸಾಧನೆ. ಎರಡು ತಿಂಗಳಲ್ಲಿ ಅವನ ತಲೆಯೊಳಗೆ ಆ ಸದ್ದು ಪೂರ್ತಿ ಅಳಿಸಿಹೋಯಿತು. ಇಡೀ ಕಾರ್ಖಾನೆಯಲ್ಲಿ ಅವನ ಹೃದಯ ಕೇಳಿಸದಿದ್ದುದು ಅವನೊಬ್ಬನಿಗೇ.

ರಕ್ತಪರೀಕ್ಷೆಗೆ ಆಸ್ಪತ್ರೆಯಿಂದ ಕರೆ ಬಂತು. ಅದೇ ದಿನ ಮಾರಾಟ ವಿಭಾಗದವರು ಪರೀಕ್ಷೆ ನೋಡಲು ಬರುವವರಿದ್ದರು. ಮ್ಯಾನೇಜರರು ಕೈಮುಗಿದರು. “ರಕ್ತ ಎಲ್ಲಿಗೆ ಹೋಗತ್ತೆ ಸಾರ್? ಮೈಯೊಳಗೇ ಇರತ್ತೆ. ಮುಂದಿನ ವಾರ ನೋಡ್ಕೊಳ್ಳೋಣ.” ಮುಂದಿನ ವಾರ ಇನ್ನೊಂದು ಮಾದರಿ. ಅದರ ಮುಂದಿನ ವಾರ ಆಸ್ಪತ್ರೆಯವರು ಮತ್ತೆ ಫೋನು ಮಾಡಿದಾಗ ಅವನು ಮೌನಕೋಣೆಯಲ್ಲಿದ್ದ. ಅಲ್ಲಿ ಫೋನಿಗೆ ಪ್ರವೇಶವಿಲ್ಲ. ಮನೆಯಲ್ಲಿ ಹಸಿರು ಲೋಟ ಒಂದು ದಿನವೂ ತಪ್ಪಲಿಲ್ಲ.

ಒಂದು ಬೆಳಗ್ಗೆ ಹೆಂಡತಿ ಅರಳಿದ ಮುಖದಲ್ಲಿ ಪಡಸಾಲೆಗೆ ಬಂದಳು.

“ರೀ, ಎಂಥಾ ನಿದ್ದೆ ಬಂತು ಅಂತೀರಾ! ಆಮೇಲೆ ಹೊಳೀತು, ನಿಮ್ಮ ಸದ್ದೇ ಇಲ್ಲ. ಇಲ್ಲಿವರೆಗೂ ಬಂದು ನಿಂತೆ. ಹತ್ತಿರ ಬಂದ್ರೂ ಏನೋ ಹತ್ತಿ ಒಳಗೆ ಬಡಿದ ಹಾಗಿದೆ, ಅಷ್ಟೆ.”

“ಹೌದಾ?” ಎಂದ ಅವನು. ಅವನಿಗೆ ಹೇಗೂ ಕೇಳಿಸುತ್ತಿರಲಿಲ್ಲ.

ವೈದ್ಯೆ ಹೇಳಿದ್ದು ಅವನಿಗೆ ನೆನಪಿಗೆ ಬರಲಿಲ್ಲವೆಂದಲ್ಲ. ಬಂತು. ಯಾರಾದರೂ ಕೇಳಿದ್ದರೆ ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದ. ಆದರೆ ಸದ್ದಿನ ವಿಷಯದಲ್ಲಿ ವೈದ್ಯೆಗಿಂತ ತನಗೆ ಹೆಚ್ಚು ತಿಳಿದಿದೆ ಎಂಬುದೂ ನೆನಪಿಗೆ ಬಂತು. ಎದೆಯ ಗಾಯ ಮಾಗಿದೆ. ಹೊಲಿಗೆಯ ಸುತ್ತ ಮಾಂಸ ತುಂಬಿಕೊಂಡಿದೆ. ಗೋಡೆಗೆ ಸ್ಪಂಜು ಅಂಟಿಸಿದಂತೆ ಅದು ಸದ್ದನ್ನು ಹೀರುತ್ತಿದೆ. ವೈದ್ಯೆ ಎಚ್ಚರಿಸಿದ್ದು ಕವಾಟ ಕೆಟ್ಟು ಸದ್ದು ಮೆತ್ತಗಾಗುವುದರ ಬಗ್ಗೆ. ಇದು ಕೆಡುವುದಲ್ಲ, ಒಳ್ಳೆಯ ಒಳಾಂಗಣ ವಿನ್ಯಾಸ. ಈ ಸಿದ್ಧಾಂತ ಹೆಂಡತಿಗೆ ಎಷ್ಟು ಹಿಡಿಸಿತೆಂದರೆ ಅವನ ಹಾಸಿಗೆಯನ್ನು ತಾನೇ ಎತ್ತಿಕೊಂಡು ಹೋಗಿ ಕೋಣೆಯಲ್ಲಿ ಹಾಸಿದಳು.

ಅಕ್ಕ ಮೆಟ್ಟಿಲ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತಳು. “ಈಗ ಹೇಳು, ಇಂಗಾಲ ದೊಡ್ಡದೋ ಸೊಪ್ಪು ದೊಡ್ಡದೋ?”

“ಸೊಪ್ಪೇ ಅಕ್ಕಾ.”

“ಹಾಗಾದ್ರೆ ಇನ್ಮೇಲೆ ಸಂಜೇನೂ ಒಂದು ಲೋಟ.”

ಮಹಡಿ ಹತ್ತುವಾಗ ಅವನಿಗೆ ಉಸಿರು ಹತ್ತತೊಡಗಿತು. ಮೂರು ಮೆಟ್ಟಿಲಿಗೊಮ್ಮೆ ನಿಂತು ಗೋಡೆಯ ಬಣ್ಣ ಪರೀಕ್ಷಿಸುವವನಂತೆ ನಟಿಸಿದ. ಸಂಜೆಗೆ ಪಾದ ಊದಿ ಷೂ ಬಿಗಿಯಾಯಿತು. ಒಂದು ಅಳತೆ ದೊಡ್ಡ ಷೂ ಕೊಂಡ. ವಯಸ್ಸಾಯಿತು ಎಂದ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ; ಅವನು ಕನ್ನಡಿಯ ಬದಲು ಷೂ ಹಿಡಿದು ನೋಡಿಕೊಳ್ಳುತ್ತಿದ್ದ. ಮನೆಯಲ್ಲಿ ಇಷ್ಟು ನೆಮ್ಮದಿ ನೆಲೆಸಿದ್ದು ಬಹಳ ಕಾಲದ ಮೇಲೆ. ಅದನ್ನು ಕಲಕುವ ಮನಸ್ಸು ಯಾರಿಗೂ ಇರಲಿಲ್ಲ.

ನೆಮ್ಮದಿ ಇಲ್ಲದ್ದು ಒಬ್ಬರಿಗೆ ಮಾತ್ರ. ಗಾಜಿನಾಚೆ ಮ್ಯಾನೇಜರರು ತಲೆಯ ಮೇಲೆ ಕೈಹೊತ್ತಿದ್ದರು. ‘ನಿಮ್ಮ ಉಸಿರಿಗಿಂತ ಮೆಲ್ಲಗೆ’ ಮಾದರಿಗೆ ಬಿಡುಗಡೆಗೆ ಮುಂಚಿನ ಕೊನೆಯ ಪರೀಕ್ಷೆ ನಡೆಯುತ್ತಿತ್ತು, ಬಿಡುಗಡೆಯ ಸಮಾರಂಭಕ್ಕೆ ಪೆಂಡಾಲು ಎದ್ದಿತ್ತು, ಫ್ರಿಜ್ಜು ಮತ್ತೆ ಫೇಲಾಗತೊಡಗಿತ್ತು.

“ಸಾರ್, ಬಾಯಿ ತೆಗೆದಿದೀರಾ?”

“ಆ…” ಎಂದ ಅವನು, ತೆರೆದ ಬಾಯಿಂದಲೇ.

“ಇನ್ನೂ ದೊಡ್ಡದಾಗಿ ತೆಗೀರಿ.”

ಕಿರುನಾಲಿಗೆ ಕಾಣುವಷ್ಟು ತೆಗೆದ. ಅಂಕಿ ಅಲ್ಲಾಡಲಿಲ್ಲ. ಮ್ಯಾನೇಜರರು ಒಳಗೆ ಬಂದು, ಹೃದಯ ಜೋರಾಗಿ ಬಡಿದರೆ ಸದ್ದೂ ಜೋರಾದೀತೆಂದು ಯೋಚಿಸಿ, ಅವನನ್ನು ಮಹಡಿ ಮೆಟ್ಟಿಲು ಹತ್ತಿ ಇಳಿದು ಬರಲು ಕಳಿಸಿದರು. ಅರ್ಧಕ್ಕೇ ತಿರುಗಿ ಬಂದವನು ಕುರ್ಚಿಯಲ್ಲಿ ಕುಸಿದು ತಿದಿಯಂತೆ ಏದುಸಿರು ಬಿಟ್ಟ. ಖಾಲಿ ಕೋಣೆಯ ಅಂಕಿ ಚೆನ್ನಾಗಿ ಏರಿತು, ಮ್ಯಾನೇಜರರು ಹಿಗ್ಗಿದರು. ಆದರೆ ಫ್ರಿಜ್ಜು ಹಾಕಿದ ಮೇಲೂ ಏದುಸಿರು ನಿಲ್ಲಲಿಲ್ಲ. ಕಳೆಯಬೇಕಾದದ್ದು ಕೂಡಿಕೊಂಡು ಕುಳಿತಿತು. ಅವನ ತುಟಿ ನೀಲಿಯಾದದ್ದು ಗಾಜಿನಾಚೆಗೂ ಕಾಣುತ್ತಿತ್ತು, ಆದರೆ ಅಲ್ಲಿ ನೋಡುತ್ತಿದ್ದದ್ದು ಅಂಕಿಯನ್ನು.

“ಹೀಗಾದ್ರೆ ಆಗಲ್ಲ. ನಿಮಗೆ ಸರ್ವಿಸ್ ಮಾಡಿಸ್ಬೇಕು” ಎಂದು ಮ್ಯಾನೇಜರರು ಕಾರಿನ ಕೀಲಿ ತೆಗೆದುಕೊಂಡರು. “ಯಾವ ಆಸ್ಪತ್ರೇಲಿ ಹಾಕಿಸಿದ್ರಿ? ನಡೀರಿ, ಈಗಲೇ.”

ಆಸ್ಪತ್ರೆಯಲ್ಲಿ ವೈದ್ಯೆಯ ಮೇಜಿನೆದುರು ರೋಗಿಗಿಂತ ಮೊದಲು ಮ್ಯಾನೇಜರರೇ ಕುಳಿತರು.

“ಮೇಡಂ, ಇವರ ಸದ್ದು ತುಂಬಾ ಇಳಿದುಹೋಗಿದೆ. ಮೂರು ವಾರದಿಂದ ಇಳೀತಾನೇ ಇದೆ. ದಯವಿಟ್ಟು ಮೊದಲಿದ್ದ ಹಾಗೆ ಮಾಡಿಕೊಡಿ. ಸ್ವಲ್ಪ ಹೆಚ್ಚೇ ಮಾಡಿದ್ರೂ ನಮ್ಮ ಅಭ್ಯಂತರ ಇಲ್ಲ.”

ವೈದ್ಯೆ ಸ್ಟೆತಸ್ಕೋಪನ್ನು ಅವನ ಎದೆಗಿಟ್ಟರು. ಒಂದೆರಡು ಬಡಿತ ಕೇಳಿದವರೇ ಇನ್ನೊಂದು ಕೈಯಿಂದ ಗಂಟೆ ಒತ್ತಿದರು. ತಳ್ಳುಗಾಡಿ ಬಂತು. ಕವಾಟ ಚಲಿಸುವುದನ್ನು ತೋರಿಸುವ ಎಕ್ಸ್‌ರೇ ಪರದೆಯ ಮೇಲೆ ಒಂದು ರೆಕ್ಕೆ ಹೆಪ್ಪುಗಟ್ಟಿದ ರಕ್ತದಲ್ಲಿ ಸಿಕ್ಕಿ ಕದಲದೆ ನಿಂತಿತ್ತು. ಇನ್ನೊಂದು ಹೊಸ್ತಿಲಿಗೆ ಚಾಪೆ ಸಿಕ್ಕಿದ ಬಾಗಿಲಿನಂತೆ ಅರ್ಧ ತೆರೆಯುತ್ತ, ಅರ್ಧ ಮುಚ್ಚುತ್ತ ಒದ್ದಾಡುತ್ತಿತ್ತು.

“ಇನ್ನೆರಡು ದಿನ ಬಿಟ್ಟು ಬಂದಿದ್ರೆ ನಾನು ಮಾತಾಡಿಸೋಕೆ ನೀವಿರ್ತಿರ್ಲಿಲ್ಲ” ಎಂದರು ವೈದ್ಯೆ. “ಮನೇಲಿ ಯಾರೂ ಗಮನಿಸ್ಲಿಲ್ವಾ?”

“ಗಮನಿಸಿದ್ರು” ಎಂದ ಅವನು ಏದುತ್ತ. “ಖುಷಿಪಟ್ರು.”

ಹೆಪ್ಪು ಕರಗಿಸುವ ಔಷಧವನ್ನು ಹನಿಹನಿಯಾಗಿ ನರಕ್ಕೆ ಬಿಟ್ಟರು. ಅದು ಕರಗಿದರೆ ಬದುಕು. ಕರಗಿದ ಚೂರು ಮಿದುಳಿಗೆ ಹೋದರೆ ಪಾರ್ಶ್ವವಾಯು. ಕರಗದಿದ್ದರೆ ಮತ್ತೆ ಎದೆ ತೆರೆಯಬೇಕು. ಇದನ್ನೆಲ್ಲ ವೈದ್ಯೆ ಹೆಂಡತಿಗೆ ನಿಂತುಕೊಂಡೇ ವಿವರಿಸಿದರು. ಗ್ರಂಥಾಲಯದಿಂದ ಓಡಿಬಂದವಳ ಕೈಯಲ್ಲಿ ಯಾರದೋ ಪುಸ್ತಕ ಇನ್ನೂ ಹಾಗೇ ಇತ್ತು.

“ಸದ್ದು ಮೆತ್ತಗಾದ್ರೆ ಓಡಿ ಬರ್ಬೇಕು ಅಂತ ಇವರಿಗೆ ಹೇಳಿದ್ದೆ” ಎಂದರು ವೈದ್ಯೆ.

ಅವಳು ಗಂಡನನ್ನು ನೋಡಿದಳು. “ನನಗೆ ಯಾಕ್ರೀ ಹೇಳಲಿಲ್ಲ?”

“ನಿನಗೆ ನಿದ್ದೆ ಬರ್ತಿತ್ತಲ್ಲ.”

“ಬೆಂಕಿ ಬಿತ್ತು ನನ್ನ ನಿದ್ದೆಗೆ!” ಎಂದು ಕೂಗಿದಳು. ವಾರ್ಡಿನವರೆಲ್ಲ ತಿರುಗಿ ನೋಡಿದರು. ಬಾಗಿಲ ಬಳಿಯ ನರ್ಸು ತುಟಿಯ ಮೇಲೆ ಬೆರಳಿಟ್ಟು “ಶ್” ಎಂದಳು. ಜೀವನದಲ್ಲಿ ಮೊದಲ ಬಾರಿಗೆ ಹಾಗೆನ್ನಿಸಿಕೊಂಡವಳು ಸೆರಗು ಬಾಯಿಗೆ ಒತ್ತಿಕೊಂಡು ಸ್ಟೂಲಿನ ಮೇಲೆ ಕುಳಿತುಬಿಟ್ಟಳು.

ಅಕ್ಕ ಫ್ಲಾಸ್ಕಿನಲ್ಲಿ ರಸ ತುಂಬಿಸಿಕೊಂಡೇ ಬಂದಿದ್ದಳು. ವೈದ್ಯೆ ಮುಚ್ಚಳ ತೆರೆದು ಮೂಸಿ, ಅದನ್ನು ಬೇಸಿನ್ನಿಗೆ ಸುರಿದರು. “ಅಯ್ಯೋ, ಎಳೇ ಸೊಪ್ಪು ಕಣಮ್ಮಾ” ಎಂದಳು ಅಕ್ಕ. ಬೇರೆ ಯಾರಾದರೂ ಆಗಿದ್ದರೆ ಜಗಳ ಆಗುತ್ತಿತ್ತು. ಆದರೆ ತಮ್ಮನ ನೀಲಿ ತುಟಿ ನೋಡಿದ್ದಳು. ಫ್ಲಾಸ್ಕನ್ನು ತಾನೇ ತೊಳೆದು, ಬೋರಲು ಹಾಕಿ, ಅವನ ಕಾಲ ಬಳಿ ಕುಳಿತು ಊದಿದ ಪಾದವನ್ನು ಮೆಲ್ಲಗೆ ಒತ್ತತೊಡಗಿದಳು.

ಮಾರನೆಯ ಮಧ್ಯಾಹ್ನ ಅದನ್ನು ಮೊದಲು ಕೇಳಿದವಳು ಹೆಂಡತಿ. ಒರಟಾಗಿ, ತಡವರಿಸಿ, ತಿಕ್ಕಾಟದ ನಡುವೆ ಎಂಬಂತೆ ಒಂದು ಟಿಕ್. ಆಮೇಲೆ ಇನ್ನೊಂದು. “ಬಂತು” ಎಂದಳು. ಅವನು ಕಣ್ಣು ಮುಚ್ಚಿ ಹುಡುಕಿದ. ತಾನೇ ಕಟ್ಟಿದ ಗೋಡೆಯನ್ನು ಕೆಡವಿ ಆ ಸದ್ದನ್ನು ಒಳಗೆ ಬಿಟ್ಟುಕೊಳ್ಳಲು ಬಹಳ ಹೊತ್ತು ಬೇಕಾಯಿತು. ಕಡೆಗೆ ಕೇಳಿಸಿತು. ಕೇಳಿಸಿದ ಮೇಲೆ ಹೆದರಿಕೆ ಶುರುವಾಯಿತು. ಅದುವರೆಗೆ ಅವನು ಹೆದರಿರಲೇ ಇಲ್ಲ. ಒಂದು ಟಿಕ್ಕಿಗೂ ಇನ್ನೊಂದು ಟಿಕ್ಕಿಗೂ ನಡುವೆ ಎಷ್ಟು ಜಾಗವಿದೆ, ಆ ಜಾಗದಲ್ಲಿ ಏನು ಬೇಕಾದರೂ ಆಗಬಹುದು ಎಂದು ತಿಳಿದದ್ದು ಆಗಲೇ.

ಮ್ಯಾನೇಜರರು ಹೂಗುಚ್ಛದೊಂದಿಗೆ ಬಂದು ಎದೆಯ ಹತ್ತಿರ ಕಿವಿ ತಂದು ಕೇಳಿ, “ಫಸ್ಟ್ ಕ್ಲಾಸ್!” ಎಂದರು. ಫ್ರಿಜ್ಜಿನ ಬಿಡುಗಡೆಯನ್ನು ಅವನಿಗೋಸ್ಕರವೇ ಮುಂದೂಡಿದ್ದರು. “ಮನೆಯವರಿಗೂ ಗೊತ್ತಾಗ್ಲಿಲ್ಲ, ನಿಮಗೂ ಗೊತ್ತಾಗ್ಲಿಲ್ಲ. ಕಂಪನಿಗೆ ಗೊತ್ತಾಯ್ತು ನೋಡಿ ಸಾರ್” ಎಂದಾಗ ಹೆಂಡತಿ ಅವರನ್ನು ದಿಟ್ಟಿಸಿದಳು. ಆದರೆ ಆ ಮಾತು ಸುಳ್ಳಾಗಿರಲಿಲ್ಲ. ಅವನ ಸದ್ದಿಲ್ಲದೆ ಬೇಸರಪಟ್ಟವರು ಲೋಕದಲ್ಲಿ ಅವರೊಬ್ಬರೇ.

ಚೇತರಿಸಿಕೊಂಡು ಪರೀಕ್ಷಕ ಕೆಲಸಕ್ಕೆ ಮರಳಿದ. ಈ ಸಲ ಮೊದಲು ರಕ್ತಪರೀಕ್ಷೆ, ಆಮೇಲೆ ಕಾರ್ಖಾನೆ. ಮೌನಕೋಣೆಯ ಬಾಗಿಲು ಮುಚ್ಚಿತು. ಫ್ರಿಜ್ಜು ಅದೇ, ಸಮಾರಂಭಕ್ಕೆಂದು ಅದಕ್ಕೆ ಆಗಲೇ ಕೆಂಪು ರಿಬ್ಬನ್ನು ಕಟ್ಟಿದ್ದರು. ಗಾಜಿನಾಚೆ ಮಾರಾಟ ವಿಭಾಗದವರು ಇಬ್ಬರು ಕೈಕಟ್ಟಿ ನಿಂತಿದ್ದರು. ಮ್ಯಾನೇಜರರು ಗುಂಡಿ ಒತ್ತಿದರು.

“ಖಾಲಿ ಕೋಣೆ ಅಳೀತಿದೀವಿ ಸಾರ್. ಹ್ಞಾಂ.”

ಆ ‘ಹ್ಞಾಂ’ ಎಂದರೆ ಬಾಯಿ ತೆರೆಯಿರಿ ಎಂದು. ಅವನು ತೆರೆದ. ಟಿಕ್, ಟಿಕ್, ಟಿಕ್. ಎಷ್ಟು ಸ್ಪಷ್ಟ, ಎಷ್ಟು ಶುಭ್ರ. ಗಾಜಿನಾಚೆ ಹೆಬ್ಬೆರಳು ಮೇಲೆದ್ದಿತು.

“ಈಗ ಫ್ರಿಜ್ ಹಾಕ್ತೀವಿ. ಆಯ್ತಾ?”

‘ಆಯ್ತಾ’ ಎಂದರೆ ಮುಚ್ಚಿಕೊಳ್ಳಿ ಎಂದು. ಮುಚ್ಚಿಕೊಂಡ. ಫ್ರಿಜ್ಜು ಗುಂಯ್ ಎಂದು ಶುರುವಾಯಿತು. ಮುಚ್ಚಿದ ಬಾಯೊಳಗೆ ಟಿಕ್ ಆ ಗುಂಯ್‌ನಲ್ಲಿ ಮುಳುಗಿಹೋಯಿತು. ಮೊದಲಾಗಿದ್ದರೆ ಅದೇ ಅವನ ಹೆಮ್ಮೆ. ಈಗ ಬೆನ್ನ ಮೇಲೆ ಬೆವರು ಹರಿಯಿತು. ಇದೆಯೇ? ನಿಂತಿದೆಯೇ? ಒಂದು ರೆಕ್ಕೆಯೋ ಎರಡೋ? ಹೆಂಡತಿ ಸ್ಟೂಲಿನ ಮೇಲೆ ಕುಳಿತು ‘ಬಂತು’ ಎಂದದ್ದನ್ನು ಯಾರೋ ಹಿಂದಕ್ಕೆ ತೆಗೆದುಕೊಂಡಂತಾಯಿತು. ಅವನು ತಡೆದುಕೊಂಡ, ಪ್ರಾಮಾಣಿಕವಾಗಿ ತಡೆದುಕೊಂಡ. ಕೆಲಸ ಉಳಿಸಿಕೊಳ್ಳಬೇಕು ಎಂದು ಹಲ್ಲು ಕಚ್ಚಿದ. ಆಮೇಲೆ ಬಾಯಿ ತೆರೆದ.

ಟಿಕ್.

ಗಾಜಿನಾಚೆ ಅಂಕಿ ಏರಿತು.

“ಸಾರ್, ಆಯ್ತಾ? ಆಯ್ತಾ ಅಂದೆ!”

ಟಿಕ್. ಟಿಕ್. ಕಂಪನಿಯ ಇತಿಹಾಸದಲ್ಲೇ ಅಷ್ಟು ಗದ್ದಲದ ಫ್ರಿಜ್ಜು ತಯಾರಾಗಿರಲಿಲ್ಲ. ಮಾರಾಟ ವಿಭಾಗದವರು ಒಬ್ಬರ ಮುಖ ಒಬ್ಬರು ನೋಡಿದರು.

“ಬಾಯಿ ಮುಚ್ರೀ!”

“ಆಗಲ್ಲ” ಎಂದ ಪರೀಕ್ಷಕ, ಮೈಕಿಗೆ ಕೇಳಿಸುವಂತೆ. “ಬರ್ಕೊಳ್ಳಿ. ಗುಂಯ್ ಅನ್ನೋದು ಫ್ರಿಜ್ಜಿಂದು. ಮೋಟರು ಸರಿಯಿಲ್ಲ, ಸಹಿ ಹಾಕಲ್ಲ. ಟಿಕ್ ಅನ್ನೋದು ನಂದು. ಅದನ್ನ ಯಾವುದರಿಂದಲೂ ಕಳೀಬೇಡಿ.”

ಮ್ಯಾನೇಜರರು ಎದ್ದು ನಿಂತು ಏನೇನೋ ಹೇಳತೊಡಗಿದರು. ಪ್ಯಾಕಿಂಗ್ ವಿಭಾಗದ ಮಾತೂ ಅದರಲ್ಲಿ ಇದ್ದಿರಬೇಕು. ಸಿಟ್ಟಿನ ಭರದಲ್ಲಿ ಗುಂಡಿ ಒತ್ತುವುದನ್ನು ಮರೆತಿದ್ದರು. ದಪ್ಪ ಗಾಜಿನಾಚೆ ಅವರ ಬಾಯಿ ತೆರೆದುಕೊಳ್ಳುತ್ತಿತ್ತು, ಮುಚ್ಚಿಕೊಳ್ಳುತ್ತಿತ್ತು. ಪರೀಕ್ಷಕ ಮೆತ್ತೆಗೆ ಬೆನ್ನು ಆನಿಸಿ, ಬಾಯಿ ಅಗಲಿಸಿ, ಕೇಳುತ್ತ ಕುಳಿತ.